ಮುಪ್ಪಿನ ಗಂಟೂ ಅದನ್ನು ಕಾಯುವವರ ಕೂಲಿಯೂ

ನಮ್ಮ ಬೀದಿಯ ಗೃಹಸ್ಥರೊಬ್ಬರು ಕಳೆದ ತಿಂಗಳು ಒಂದು ಸಂಜೆ ಕೈಯಲ್ಲೊಂದು ಕಾಗದವನ್ನು ಹಿಡಿದುಕೊಂಡು ನಮ್ಮ ಜಗುಲಿಗೆ ಬಂದರು. ಅವರ ಮಗಳು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ ನಗರದಲ್ಲಿ ಒಂದು ಖಾಸಗಿ ವೃದ್ಧಾಶ್ರಮದಲ್ಲಿ ದಾದಿಯಾಗಿ ಸೇರಿ ನಾಲ್ಕು ತಿಂಗಳಾಗಿದೆ. ಕಾಗದವು ಆ ಮಗುವಿನ ಧಣಿಗಳಿಂದ ಬಂದದ್ದು.

"ಮೇಷ್ಟ್ರೇ, ಕೇಳದೆ ಕೇಳದೆ ಸಂಬಳದಲ್ಲಿ ಹಣ ಹಿಡಿದುಕೊಂಡಿದ್ದಾರೆ. ಮುಪ್ಪಿಗೆ ಅಂತೆ. ಬೇಡವೆಂದು ಒಂದು ತಿಂಗಳೊಳಗೆ ಬರೆದುಕೊಟ್ಟರೆ ಹಿಂದಕ್ಕೆ ಕೊಡುತ್ತಾರಂತೆ. ಬರೆದುಕೊಡಲೆ, ಬಿಡಲೆ ಎಂದು ಕೇಳುತ್ತಾಳೆ. ಇಲ್ಲಿ ನೋಡಿ, ಕಾಯುವ ಕೂಲಿ ನೂರಕ್ಕೆ ಮುಕ್ಕಾಲು ಎಂದು ಬರೆದಿದೆ. ಮುಕ್ಕಾಲು ತಾನೆ, ಅದೇನು ಮಹಾ ಎಂದು ನಾನು ಹೇಳಿದೆ."

ಎರಡು ದಿನ ಅವಕಾಶ ಕೊಡಿರೆಂದು ಕೇಳಿಕೊಂಡು ಅವರನ್ನು ಕಳುಹಿಸಿಕೊಟ್ಟೆವು. ಆ "ಮುಕ್ಕಾಲು ತಾನೆ" ಎಂಬ ಮಾತು ಮಾತ್ರ ನಮ್ಮ ಮನಸ್ಸಿನಿಂದ ಹೋಗಲಿಲ್ಲ. ಈ ಮುಕ್ಕಾಲಿಗಾಗಿ ಬ್ರಿಟನ್ನಿನ ಪಾರ್ಲಿಮೆಂಟು ಎಷ್ಟು ವರ್ಷ ಹೆಣಗಿತೆಂಬುದು ಅಲ್ಪಸ್ವಲ್ಪ ನಮಗೆ ತಿಳಿದಿದ್ದಿತು. ನಮ್ಮ ವಾಚಕರ ಮನೆಗಳಲ್ಲಿಯೂ ಮಗನೋ ಮಗಳೋ ಆ ದೇಶದಲ್ಲಿ ದುಡಿಯುತ್ತಿರುವವರು ಅನೇಕರಿರುವುದರಿಂದ ಈ ತಿಂಗಳ ನಮ್ಮ ಅಂಕಣವನ್ನು ಈ ವಿಷಯಕ್ಕೇ ಮೀಸಲಿಟ್ಟಿದ್ದೇವೆ.

ಬ್ರಿಟನ್ನಿನಲ್ಲಿ ಸರ್ಕಾರದವರು ವೃದ್ಧರಿಗೆ ವೇತನ ಕೊಡತೊಡಗಿದ್ದು 1909ನೆಯ ಇಸವಿಯ ಜನವರಿ 1ರಂದು. ಅದರ ಹಿಂದಿನ ವರ್ಷ ಆಸ್ಕ್ವಿತ್ ಎಂಬವರು ಸಿದ್ಧಪಡಿಸಿ, ಅವರ ತರುವಾಯ ಅರ್ಥಸಚಿವರಾದ ಲಾಯ್ಡ್ ಜಾರ್ಜರು ಪಾರ್ಲಿಮೆಂಟಿನಲ್ಲಿ ದಡ ಮುಟ್ಟಿಸಿದ ಶಾಸನದಂತೆ, 70 ವರ್ಷ ತುಂಬಿದ ಬಡವರಿಗೆ ವಾರಕ್ಕೆ 5 ಷಿಲಿಂಗು. ಅದಕ್ಕೆ ಮೊದಲು ಕೈಲಾಗದ ಮುದುಕರಿಗೆ ಮಕ್ಕಳ ದಯೆ, ಅದೂ ಇಲ್ಲವಾದರೆ ಅನಾಥರ ದುಡಿಮೆಯ ಮನೆ, ಇವೆರಡೇ ಗತಿ. ಅಂಚೆಯ ಕಚೇರಿಗೆ ಹೋಗಿ ಮರ್ಯಾದೆಯಿಂದ ಕೈಚಾಚಿ ಹಣವನ್ನು ತೆಗೆದುಕೊಳ್ಳುವ ಸೌಭಾಗ್ಯ ಮೊದಲ ವರ್ಷವೇ ಲಕ್ಷಾಂತರ ಜನರಿಗೆ ಒದಗಿತು. ಮುಂದೆ 1925ರಲ್ಲಿ ದುಡಿಯುವವರು ವಂತಿಗೆ ಕೊಟ್ಟು ಪಡೆಯುವ ಕ್ರಮ ಬಂದಿತು. 1942ರಲ್ಲಿ ವಿಲಿಯಂ ಬೆವರಿಜರ ವರದಿ ಹೊರಬಿದ್ದು, 1948ರ ಜುಲೈ 5ರಿಂದ ಒಬ್ಬೊಬ್ಬರಿಗೆ ವಾರಕ್ಕೆ 26 ಷಿಲಿಂಗಿನ ಏರ್ಪಾಡಾಯಿತು. ಈ ಬೆವರಿಜರು ಹುಟ್ಟಿದ್ದು 1879ರಲ್ಲಿ ಬಂಗಾಳದ ರಂಗಪುರದಲ್ಲಿ. ತಂದೆ ಇಲ್ಲಿಯ ಸಿವಿಲ್ ಸರ್ವಿಸಿನಲ್ಲಿ ನ್ಯಾಯಾಧೀಶರು. ತಾಯಿ ಬಾಬರನ ಆತ್ಮಕಥೆಯನ್ನು ತುರ್ಕಿ ಭಾಷೆಯಿಂದ ಇಂಗ್ಲಿಷಿಗೆ ತಂದ ವಿದುಷಿ. ಇದು ಪ್ರಕೃತಕ್ಕೆ ಬೇಕಾದ ಸಂಗತಿಯಲ್ಲ. ಆದರೂ ಹೇಳದಿರಲು ಮನಸ್ಸು ಬರಲಿಲ್ಲ.

ಪ್ರಕೃತಕ್ಕೆ ಬೇಕಾದುದು ಇಷ್ಟು. ಸರ್ಕಾರದ ಈ ವೇತನದಲ್ಲಿ ಯಾರ ಹೆಸರಿನ ಗಂಟೂ ಇಲ್ಲ. ಈ ವರ್ಷ ದುಡಿಯುವವರು ಕೊಟ್ಟ ವಂತಿಗೆಯಿಂದ ಈ ವರ್ಷದ ಮುದುಕರಿಗೆ ಹಂಚಿಕೆಯಾಗುತ್ತದೆ. ಗಂಟೇ ಇಲ್ಲದ ಮೇಲೆ ಕಾಯುವವರಿಗೆ ಕೂಲಿಯೆಲ್ಲಿಯದು? ನಮ್ಮ ನಿವೃತ್ತಿ ವೇತನವೂ ಇದೇ ಜಾತಿಯದು. 2006ರ ಏಪ್ರಿಲ್ 1ರ ಈಚೆಗೆ ಕರ್ನಾಟಕ ಸರ್ಕಾರದ ಕೆಲಸಕ್ಕೆ ಸೇರಿದ ನಮ್ಮ ಕಿರಿಯ ಉಪಾಧ್ಯಾಯರಿಗಾದರೋ ಅವರವರ ಹೆಸರಿನ ಗಂಟಿನ ಏರ್ಪಾಡಾಗಿರುವುದರಿಂದ, ಮುಂದೆ ಹೇಳತಕ್ಕ ಮಾತು ಅವರಿಗೂ ಅಪರಿಚಿತವಾಗಿ ಕಾಣಲಾರದು.

ಬ್ರಿಟನ್ನಿನಲ್ಲಿ ಒಬ್ಬೊಬ್ಬರ ಗಂಟಿನ ಕಾಲ ವಿಶೇಷವಾಗಿ ಬಂದದ್ದು ಥ್ಯಾಚರ್ ಅವರ ಆಳ್ವಿಕೆಯಲ್ಲಿ. ಜನರ ಸಂಬಳಗಳು ಏರಿದಂತೆ ವೃದ್ಧಾಪ್ಯ ವೇತನವೂ ಏರಬೇಕೆಂಬ ನಿಯಮವನ್ನು 1980ರಲ್ಲಿ ಕಿತ್ತುಹಾಕಿ, ಬೆಲೆಗಳಿಗೆ ತಕ್ಕಂತೆ ಏರಿದರೆ ಸಾಕೆಂದು ಮಾಡಿದರು. ಇದರಿಂದ ಸರ್ಕಾರದ ವೇತನವು ವರ್ಷೇ ವರ್ಷೇ ಸಂಬಳಗಳ ಹಿಂದೆ ಬಿದ್ದಿತು. 2000ದ ಏಪ್ರಿಲಿನಲ್ಲಿ ವಾರಕ್ಕೆ 75 ಪೆನ್ಸು ಮಾತ್ರ ಏರಿಸಿದಾಗ ಮುದುಕರೆಲ್ಲ ಸಿಟ್ಟಿಗೆದ್ದದ್ದು ಪ್ರಸಿದ್ಧವಾಗಿದೆ. ಇತ್ತ 1988ರ ಜುಲೈಯಿಂದ ಯಾರು ಬೇಕಾದರೂ ವಿಮೆಯ ಕಂಪೆನಿಯಲ್ಲಿ ಸ್ವಂತ ಗಂಟು ಕಟ್ಟಬಹುದೆಂದಾಯಿತು. ಆಗ ಹೊರಟಿತು ನೋಡಿ ದಲ್ಲಾಳಿಗಳ ದಂಡು! ದಾದಿಯರು, ಉಪಾಧ್ಯಾಯರು, ಗಣಿಯ ಕೆಲಸಗಾರರು ಮುಂತಾದ ಲಕ್ಷಾಂತರ ಜನರನ್ನು, ಧಣಿಗಳೇ ಹೊಣೆಹೊತ್ತ ಒಳ್ಳೆಯ ಏರ್ಪಾಡುಗಳಿಂದ ಬಿಡಿಸಿ, ಹೊಸ ಗಂಟುಗಳಿಗೆ ಕರೆತಂದರು. ಕರೆತಂದವರಿಗೆ ಕಮಿಷನ್ನು, ಅದು ಬರುತ್ತಿದ್ದುದು ಬಂದವರ ಗಂಟಿನಿಂದಲೇ. ಅನೇಕರ ಮೊದಮೊದಲ ವರ್ಷಗಳ ವಂತಿಗೆಯಲ್ಲಿ ದೊಡ್ಡ ಪಾಲು ಹೀಗೆಯೇ ಕರಗಿಹೋಯಿತು. 1994ರಿಂದ ವಿಚಾರಣೆ ನಡೆದು, ಕಂಪೆನಿಗಳು ಕೊನೆಗೆ ತೆತ್ತ ಪರಿಹಾರ ಒಂದು ಸಾವಿರ ಕೋಟಿ ಪೌಂಡುಗಳನ್ನು ಮೀರಿತು.

ಈ ನಡುವೆ 1991ರ ನವೆಂಬರಿನಲ್ಲಿ ಪತ್ರಿಕೆಗಳ ಒಡೆಯ ರಾಬರ್ಟ್ ಮ್ಯಾಕ್ಸ್‌ವೆಲ್ಲನು ತನ್ನ ಹಡಗಿನಿಂದ ಸಮುದ್ರಕ್ಕೆ ಬಿದ್ದು ಸತ್ತನು. ಆಮೇಲೆ ನೋಡಿದರೆ, ಅವನ ಕೆಲಸಗಾರರ ಮುಪ್ಪಿನ ನಿಧಿಯಲ್ಲಿ 40 ಕೋಟಿ ಪೌಂಡಿಗೂ ಹೆಚ್ಚು ಹಣ ಮಾಯವಾಗಿತ್ತು. ಕಳವು ಕಣ್ಣಿಗೆ ಕಂಡಿತಾದುದರಿಂದ ದೇಶವೇ ಹುಯಿಲಿಟ್ಟಿತು. 1995ರಲ್ಲಿ ಶಾಸನವೂ ಆಯಿತು. ಕಣ್ಣಿಗೆ ಕಾಣದ ಸವೆತಕ್ಕೆ ಹುಯಿಲಿಡುವವರು ಯಾರು?

ಈ ಸವೆತದ ಲೆಕ್ಕವನ್ನು ವಾಚಕರು ಒಂದು ಕಾಗದದ ಮೇಲೆ ತಾವೇ ಮಾಡಿ ನೋಡಬೇಕು. ನಾವು ಸಂಸ್ಕೃತದ ಪಂಡಿತರಾಗಿದ್ದರೂ ಗಣಿತದ ಉಪಾಧ್ಯಾಯರು ರಜೆಯ ಮೇಲೆ ಹೋದಾಗಲೆಲ್ಲ ಆ ತರಗತಿ ನಮ್ಮ ತಲೆಗೇ ಬರುತ್ತಿದ್ದುದರಿಂದ ಚಕ್ರಬಡ್ಡಿಯ ಲೆಕ್ಕವನ್ನು ಎಷ್ಟೋ ಸಲ ಮಾಡಿಸಿದ್ದೇವೆ. ಆದರೆ ಆ ಚಕ್ರಕ್ಕೆ ಎದುರಾಗಿ ತಿರುಗುವ ಮತ್ತೊಂದು ಚಕ್ರವುಂಟೆಂಬುದು ನಮಗೂ ಹೊಳೆದಿರಲಿಲ್ಲ. ಒಬ್ಬ ಹುಡುಗನು 1,000 ಪೌಂಡುಗಳನ್ನು ಗಂಟಿನಲ್ಲಿಟ್ಟನೆನ್ನಿ. ವರ್ಷಕ್ಕೆ ನೂರಕ್ಕೆ 5ರಂತೆ ಬೆಳೆಯಿತೆನ್ನಿ. ಕಾಯುವವರಿಗೆ ಕೂಲಿಯೇ ಇಲ್ಲದಿದ್ದರೆ 40 ವರ್ಷದ ಕೊನೆಗೆ ಅದು ಸುಮಾರು 7,040 ಪೌಂಡಾಗುತ್ತದೆ. ಕೂಲಿಯು ನೂರಕ್ಕೆ ಒಂದೂವರೆಯಾದರೆ? ಅವನ ಕೈಗೆ ಬರುವುದು ಸುಮಾರು 3,959 ಪೌಂಡು. ಮುಕ್ಕಾಲಾದರೆ ಸುಮಾರು 5,285 ಪೌಂಡು. ಒಂದೂವರೆ ಎಂಬ ಅಲ್ಪವಾದ ಅಂಕೆಯು ನೂರರಲ್ಲಿ 44 ಪಾಲನ್ನು ನುಂಗಿತು. ನಮ್ಮ ಮಿತ್ರರು ಸಸಾರವಾಗಿ ಎಣಿಸಿದ ಮುಕ್ಕಾಲು ಕೂಡ ನಾಲ್ಕರಲ್ಲಿ ಒಂದು ಪಾಲನ್ನು ನುಂಗಿತು.

ಇದೇಕೆ ಹೀಗೆಂದರೆ, ಕೂಲಿಯನ್ನು ಕೀಳುವುದು ಆಯಾ ವರ್ಷದ ಬೆಳೆಯ ಮೇಲೆ ಅಲ್ಲ, ಇಡೀ ಗಂಟಿನ ಮೇಲೆ. ಗದ್ದೆಯ ಬೆಲೆಯಲ್ಲಿ ನೂರಕ್ಕೆ ಒಂದೂವರೆ ಕೊಡೆಂದು ಕಾವಲುಗಾರನು ಕೇಳಿದರೆ ಒಕ್ಕಲಿಗನು ಮೊದಲು ತಲೆಯಾಡಿಸಿಯಾನು. ಆದರೆ ಗದ್ದೆಯ ಬೆಲೆಯಲ್ಲಿ ನೂರಕ್ಕೆ ಐದರಷ್ಟೇ ಬೆಳೆ ಬರುವ ಊರಿನಲ್ಲಿ, ಅವನು ಕೇಳಿದ್ದು ಬೆಳೆಯ ಹತ್ತು ಪಲ್ಲದಲ್ಲಿ ಮೂರು ಪಲ್ಲವನ್ನು! ಬೆಳೆ ಬಾರದ ವರ್ಷವೂ ಅವನ ಕೂಲಿ ತಪ್ಪುವುದಿಲ್ಲ. ನಷ್ಟವಾದರೆ ಅದೆಲ್ಲವೂ ಒಕ್ಕಲಿಗನದೇ. ಸಂಸ್ಕೃತದಲ್ಲಿ ಗಜಭುಕ್ತಕಪಿತ್ಥ ನ್ಯಾಯವೆಂದು ಒಂದುಂಟು. ಆನೆಯು ನುಂಗಿದ ಬೇಲದ ಹಣ್ಣು ಇಡಿಯಾಗಿಯೇ ಹೊರಬೀಳುತ್ತದಂತೆ. ಕರಟಕ್ಕೆ ಒಂದು ಬಿರುಕೂ ಇಲ್ಲ. ಒಡೆದು ನೋಡಿದರೆ ತಿರುಳಿಲ್ಲ. ಕಾಯುವವನಿಗೆ ಕೂಲಿಯೇ ಬೇಡವೆಂದು ನಾವು ಹೇಳುವವರಲ್ಲ. ನಲವತ್ತು ವರ್ಷ ಲೆಕ್ಕ ಬರೆಯಬೇಕು, ಪತ್ರ ಕಳುಹಿಸಬೇಕು. ಗಾಳಿ ಕುಡಿದು ಬದುಕಲು ಆಗುತ್ತದೆಯೆ? ಕೂಲಿ ಎಷ್ಟೆಂದು ಹಣ ಕೊಡುವವನಿಗೆ ತಿಳಿಯಬೇಕು, ಅಷ್ಟೇ. ಅದು ತಿಳಿಯುತ್ತಿರಲಿಲ್ಲ.

2002ರಲ್ಲಿ ಅಡೇರ್ ಟರ್ನರ್ ಎಂಬವರ ಅಧ್ಯಕ್ಷತೆಯಲ್ಲಿ ಕುಳಿತ ಮೂವರ ಸಮಿತಿಯು, ಜನರು ತಾವಾಗಿ ಕೂಡಿಡುವುದಿಲ್ಲ, ಆದಕಾರಣ ಕೆಲಸಕ್ಕೆ ಸೇರಿದವರನ್ನೆಲ್ಲ ತಾನಾಗಿಯೇ ಸೇರಿಸಿಬಿಡಬೇಕು, ಬೇಡವೆಂದವರು ಮಾತ್ರ ಬರೆದುಕೊಟ್ಟು ಹೊರಗೆ ಹೋಗಲಿ ಎಂದು ಸೂಚಿಸಿತು. ಕಾಯುವ ಕೂಲಿಯು ನೂರಕ್ಕೆ 0.3ರ ಸುತ್ತ ನಿಲ್ಲುವ ಒಂದು ರಾಷ್ಟ್ರೀಯ ನಿಧಿಯಿರಲೆಂಬುದೂ ಅವರ ಸೂಚನೆ. 2008ರಲ್ಲಿ ಶಾಸನವಾಗಿ 2012ರ ಅಕ್ಟೋಬರಿನಿಂದ ಜಾರಿಗೆ ಬಂದ ಈ ಕ್ರಮದಿಂದ ಒಂದು ಕೋಟಿಗೂ ಮಿಕ್ಕ ಜನರು ಸೇರಿದರು. ಸರ್ಕಾರವೇ ಸ್ಥಾಪಿಸಿದ ನಿಧಿಗೆ ನೆಸ್ಟ್ ಎಂದು ಹೆಸರು, ಗೂಡು ಎಂದರ್ಥ. ಅದರ ಕೂಲಿ ವರ್ಷಕ್ಕೆ ನೂರಕ್ಕೆ 0.3, ಅದಲ್ಲದೆ ಹಾಕುವ ಪ್ರತಿ ವಂತಿಗೆಯಲ್ಲಿಯೂ ನೂರಕ್ಕೆ 1.8. 2019ರ ಏಪ್ರಿಲಿನಿಂದ ಸಂಬಳದ ಒಂದು ಗೊತ್ತಾದ ಭಾಗದ ಮೇಲೆ ನೂರಕ್ಕೆ 8ರಂತೆ ಗಂಟಿಗೆ ಬೀಳಬೇಕು. ಅದರಲ್ಲಿ 3ಕ್ಕೆ ಕಡಮೆಯಿಲ್ಲದಂತೆ ಧಣಿಯು ಕೊಡತಕ್ಕದ್ದು, ಉಳಿದುದು ತೆರಿಗೆಯ ರಿಯಾಯಿತಿ ಸೇರಿ ಕೆಲಸಗಾರರದು.

ನಮ್ಮ ಮಿತ್ರರ ಮಗಳನ್ನು ಕೇಳದೆ ಸೇರಿಸಿಕೊಂಡದ್ದು ಇದೇ ಶಾಸನದಿಂದ. ಆದರೆ ಇಲ್ಲೊಂದು ಧರ್ಮಸೂಕ್ಷ್ಮವಿದೆ. ಅಂಗಡಿಗೆ ತಾನಾಗಿ ಹೋದವನು ಬೆಲೆ ಕೇಳದೆ ಕೊಂಡರೆ ತಪ್ಪು ಅವನದೆನ್ನಬಹುದು. ಸರ್ಕಾರವೇ ಕೈಹಿಡಿದು ಅಂಗಡಿಯೊಳಗೆ ಕೂರಿಸಿದವನಿಗೆ ಹಾಗೆನ್ನಲು ಬರುತ್ತದೆಯೆ? ಯಾವ ನಿಧಿಗೆ ಹಣ ಹಾಕಬೇಕೆಂದು ಆರಿಸುವವನು ಧಣಿ. ಕೂಲಿ ತೆರುವವನು ಕೆಲಸಗಾರ. ಆರಿಸುವವನಿಗೆ ನೋವಿಲ್ಲ, ನೋಯುವವನಿಗೆ ಆಯ್ಕೆಯಿಲ್ಲ. 2013ರ ಸೆಪ್ಟೆಂಬರಿನಲ್ಲಿ ವ್ಯಾಪಾರದ ನ್ಯಾಯಾನ್ಯಾಯಗಳನ್ನು ವಿಚಾರಿಸುವ ಅಲ್ಲಿಯ ಸರ್ಕಾರದ ಇಲಾಖೆಯು ಈ ಮಾತನ್ನೇ ಹೇಳಿತು: ಸ್ಪರ್ಧೆಯೊಂದನ್ನೇ ನಂಬಿಕೊಂಡರೆ ಈ ಪೇಟೆಯಲ್ಲಿ ಕೊಳ್ಳುವವರ ಹಿತ ಉಳಿಯುವುದಿಲ್ಲವೆಂದು. ಪೇಟೆಯ ಮೇಲೆ ಅಪಾರ ಭಕ್ತಿಯಿದ್ದ ದೇಶದಲ್ಲಿ ಇದು ಸಣ್ಣ ಮಾತಲ್ಲ. ಸ್ಟೀವ್ ವೆಬ್ ಎಂಬವರು ಆಗ ನಿವೃತ್ತಿ ವೇತನಗಳ ಮಂತ್ರಿ. ಕಂಪೆನಿಗಳ ಗೊಣಗಾಟದ ನಡುವೆಯೇ, ತಾನಾಗಿ ಸೇರಿಸಲ್ಪಟ್ಟವರ ಗಂಟಿನಿಂದ ವರ್ಷಕ್ಕೆ ನೂರಕ್ಕೆ 0.75ಕ್ಕಿಂತ ಹೆಚ್ಚಿಗೆ ಕೀಳಕೂಡದೆಂಬ ಕಟ್ಟಳೆಯು 2015ರ ಏಪ್ರಿಲಿನಿಂದ ಜಾರಿಗೆ ಬಂದಿತು. ನಮ್ಮ ಜಗುಲಿಗೆ ಬಂದ ಕಾಗದದ "ಮುಕ್ಕಾಲು" ಇದೇ.

ಆ ಪೇಟೆಯವರ ಭಾಷಾಪ್ರೌಢಿಮೆಯನ್ನು ಮೆಚ್ಚದಿರಲಾರೆವು. ಕೆಲಸವನ್ನು ಬಿಟ್ಟುಹೋದವನ ಗಂಟು ಹಳೆಯ ಧಣಿಯ ನಿಧಿಯಲ್ಲಿಯೇ ಉಳಿಯುತ್ತದಷ್ಟೆ. ಅವನು ಹೋದ ಕೂಡಲೆ ಕೆಲವೆಡೆ ಅವನಿಂದ ಕೀಳುವ ಕೂಲಿಯನ್ನು ಏರಿಸಿಬಿಡುತ್ತಿದ್ದರು. ಇದಕ್ಕೆ ಅವರು ಇಟ್ಟಿದ್ದ ಹೆಸರು, ದುಡಿಯುತ್ತಿರುವವರಿಗೆ ರಿಯಾಯಿತಿ ಎಂದು! ಹೋದವನಿಗೆ ದಂಡ ಎನ್ನಲಿಲ್ಲ. ಇರುವವನಿಗೆ ರಿಯಾಯಿತಿ ಎಂದರು. ನಮ್ಮ ಆಲಂಕಾರಿಕರು ವಿಪರೀತ ಲಕ್ಷಣೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ಕೊಟ್ಟಿಲ್ಲ. ಈ ಪದ್ಧತಿಯನ್ನೂ ದಲ್ಲಾಳಿಯ ಕಮಿಷನ್ನನ್ನೂ ಇಂಥ ನಿಧಿಗಳಲ್ಲಿ 2016ರ ಏಪ್ರಿಲಿನಿಂದ ನಿಷೇಧಿಸಲಾಯಿತು. ಆದರೂ ಮುಚ್ಚಳ ಪೂರ್ತಿಯಾಗಿ ಕೂತಿಲ್ಲ. ಷೇರುಗಳನ್ನು ಕೊಂಡು ಮಾರುವಾಗ ಆಗುವ ಖರ್ಚು ಆ ಮುಕ್ಕಾಲಿನ ಹೊರಗೆ. ಅದನ್ನು ಕೇಳಿದರೆ ತಿಳಿಸಬೇಕೆಂಬ ನಿಯಮವಾದದ್ದೇ 2018ರ ಜನವರಿಯಲ್ಲಿ. ಬಳಿಕ 2023ರ ಏಪ್ರಿಲಿನಲ್ಲಿ, ಲಾಭ ಹೆಚ್ಚು ಬಂದಾಗ ಹಣ ಹೂಡುವವರು ಕೇಳುವ ಕೆಲವು ಬಗೆಯ ಇನಾಮನ್ನೂ ಮುಚ್ಚಳದ ಹೊರಗಿಟ್ಟರು. ಮುದುಕರ ಹಣವು ಹೊಸ ಉದ್ಯಮಗಳಿಗೂ ರಸ್ತೆ ರೈಲುಗಳಿಗೂ ಹರಿಯಬೇಕು, ಅಂಥ ಹೂಡಿಕೆಗೆ ಕೂಲಿ ಹೆಚ್ಚು ಎಂಬುದು ಸರ್ಕಾರದ ವಾದ. ದೇಶಕ್ಕೆ ಒಳ್ಳೆಯದಾಗಬಹುದು. ಆದರೆ ಲಾಭದ ವರ್ಷದಲ್ಲಿ ಇನಾಮು ಕೇಳುವವನು ನಷ್ಟದ ವರ್ಷದಲ್ಲಿ ಅದನ್ನು ಹಿಂದಕ್ಕೆ ತರುವನೆ ಎಂದು ನಮಗೆ ಸಂಶಯವುಂಟು.

ಇಷ್ಟು ಕಂಪೆನಿಗಳ ಮಾತಾಯಿತು. ಸರ್ಕಾರವೂ ಒಂದು ವಿಧದ ಕೂಲಿಯನ್ನು ಕೀಳುತ್ತದೆ. ಅದನ್ನು ಪೌಂಡಿನಲ್ಲಿ ಅಲ್ಲ, ವರ್ಷಗಳಲ್ಲಿ. 1940ರಿಂದ ಅಲ್ಲಿಯ ಹೆಂಗಸರಿಗೆ 60ಕ್ಕೆ ವೇತನ ಬರುತ್ತಿತ್ತು, ಗಂಡಸರಿಗೆ 65ಕ್ಕೆ. ಮ್ಯಾಕ್ಸ್‌ವೆಲ್ಲನ ಕಳವಿನ ತರುವಾಯ ನಿಧಿಗಳಿಗೆ ಕಾವಲಿಟ್ಟ ಅದೇ 1995ರ ಶಾಸನ, ದೇಹಲೀದೀಪದಂತೆ ಎರಡು ಕಡೆಗೂ ಸಂದು, ಹೆಂಗಸರ ವಯಸ್ಸನ್ನು 2010ರಿಂದ 2020ರೊಳಗೆ 65ಕ್ಕೆ ಏರಿಸತಕ್ಕದ್ದೆಂದೂ ವಿಧಿಸಿತು. 2011ರ ಶಾಸನವು ಇದನ್ನೇ ಅವಸರಪಡಿಸಿ 2018ರ ನವೆಂಬರಿಗೇ 65 ಮಾಡಿತು; 2020ರ ಅಕ್ಟೋಬರಿಗೆ ಇಬ್ಬರಿಗೂ 66. ಸಮತ್ವವು ಅನ್ಯಾಯವೆಂದು ನಾವು ಹೇಳಲಾರೆವು. ಆಯಸ್ಸು ಹೆಚ್ಚಿದರೆ ವಯಸ್ಸನ್ನು ಏರಿಸದೆ ಖಜಾನೆ ನಡೆಯುವುದೂ ಕಷ್ಟ. ಆದರೆ ಒಬ್ಬೊಬ್ಬರಿಗೂ ಪತ್ರ ಬರೆಯತೊಡಗಿದ್ದು 2009ರಲ್ಲಿ. ಶಾಸನವಾಗಿ ಆಗಲೇ ಹದಿನಾಲ್ಕು ವರ್ಷ. 1950ರ ದಶಕದಲ್ಲಿ ಹುಟ್ಟಿದ ಎಷ್ಟೋ ಹೆಂಗಸರು 60ಕ್ಕೆ ವೇತನ ಬರುವುದೆಂದು ನಂಬಿ, ಕೆಲಸ ಬಿಟ್ಟು, ಕಾಯಿಲೆಯ ಗಂಡನನ್ನೋ ಮೊಮ್ಮಕ್ಕಳನ್ನೋ ನೋಡಿಕೊಳ್ಳುತ್ತ ಕುಳಿತ ಮೇಲೆ ತಿಳಿಯಿತು, ಇನ್ನೂ ಐದಾರು ವರ್ಷ ಕಾಯಬೇಕೆಂದು. ಅವರು ಹೂಡಿದ ದಾವೆ 2019ರಲ್ಲಿಯೂ, ಅದರ ಮೇಲ್ಮನವಿ 2020ರಲ್ಲಿಯೂ ಬಿದ್ದುಹೋದವು. ಪತ್ರಗಳನ್ನು 28 ತಿಂಗಳು ಮೊದಲೇ ಕಳುಹಿಸಬೇಕಾಗಿತ್ತು, ಇದು ಆಡಳಿತದ ಲೋಪವೇ ಸರಿ ಎಂದು ಪಾರ್ಲಿಮೆಂಟಿನ ಒಂಬುಡ್ಸ್‌ಮನ್ ತೀರ್ಮಾನಿಸಿ, ಒಬ್ಬೊಬ್ಬರಿಗೆ 1,000ದಿಂದ 2,950 ಪೌಂಡುಗಳ ಪರಿಹಾರವನ್ನು 2024ರ ಮಾರ್ಚಿಯಲ್ಲಿ ಸೂಚಿಸಿದರು. ಅದೇ ಡಿಸೆಂಬರಿನಲ್ಲಿ ಸರ್ಕಾರದವರು ಕ್ಷಮೆ ಕೇಳಿದರು. ಹಣ ಕೊಡಲು ಒಪ್ಪಲಿಲ್ಲ.

ನಮ್ಮ ದೇಶದವರಿಗೆ ನೇರವಾಗಿ ತಟ್ಟುವ ಮತ್ತೊಂದುಂಟು. ಅಲ್ಲಿ ವಂತಿಗೆ ಕೊಟ್ಟು ದುಡಿದು, ಮುಪ್ಪಿನಲ್ಲಿ ಭಾರತಕ್ಕೆ ಹಿಂದಿರುಗಿದವರಿಗೆ ಸರ್ಕಾರದ ವೇತನ ಇಲ್ಲಿಗೂ ಬರುತ್ತದೆ, ಆದರೆ ಏರುವುದಿಲ್ಲ. ಮೊದಲು ಬಂದ ಅಂಕೆಯೇ ಕೊನೆಯವರೆಗೂ. 2001ರಲ್ಲಿ ಪೂರ್ಣ ಮೂಲವೇತನ ವಾರಕ್ಕೆ 72 ಪೌಂಡು 50 ಪೆನ್ಸು ಇದ್ದಿತು. 2025ರ ಏಪ್ರಿಲಿನಲ್ಲಿ ಅದು 176 ಪೌಂಡು 45 ಪೆನ್ಸಾಯಿತು. 2001ರಲ್ಲಿ ಇಲ್ಲಿಗೆ ಬಂದು ವೇತನ ಪಡೆಯತೊಡಗಿದ ವೈದ್ಯರಿಗೋ ದಾದಿಗೋ ಮಾತ್ರ ಆ 72 ಪೌಂಡೇ. ಅಮೆರಿಕದಲ್ಲಿ ನೆಲಸಿದವರಿಗೆ ಏರುತ್ತದೆ, ಏಕೆಂದರೆ ಆ ದೇಶದೊಡನೆ ಒಪ್ಪಂದವಿದೆ. ಭಾರತ, ಆಸ್ಟ್ರೇಲಿಯ, ಕೆನಡಗಳಲ್ಲಿರುವವರಿಗೆ ಏರುವುದಿಲ್ಲ. ದಕ್ಷಿಣ ಆಫ್ರಿಕದಲ್ಲಿ ನೆಲಸಿದ್ದ ಆನೆಟ್ ಕಾರ್ಸನ್ ಎಂಬಾಕೆ ಯೂರೋಪಿನ ಮಾನವಹಕ್ಕುಗಳ ನ್ಯಾಯಾಲಯದವರೆಗೂ ಹೋಗಿ 2010ರಲ್ಲಿ ಸೋತರು. ಹೀಗೆ ನಾಲ್ಕು ಲಕ್ಷಕ್ಕೂ ಮಿಕ್ಕ ಮುದುಕರ ವೇತನ ಹೆಪ್ಪುಗಟ್ಟಿದೆ. ವಂತಿಗೆ ಹಿಡಿಯುವಾಗ ಮಾತ್ರ ಇಂಥವರು ಇಂಥ ದೇಶಕ್ಕೆ ಹೋಗುತ್ತಾರೆಂದು ಯಾರೂ ಕಡಮೆ ಹಿಡಿಯಲಿಲ್ಲ.

ಮಿತ್ರರು ಮೂರನೆಯ ದಿನ ಬಂದಾಗ ನಾವು ಹೇಳಿದ್ದು ಇಷ್ಟು: ಹೊರಗೆ ಬರಬಾರದು, ಬಂದರೆ ಧಣಿಯ ಪಾಲು ಕೈತಪ್ಪುತ್ತದೆ, ಅದಕ್ಕಿಂತ ದೊಡ್ಡ ನಷ್ಟವಿಲ್ಲ. ಆದರೆ ಆ ಮುಕ್ಕಾಲಿನ ಹೊರಗೆ ಇನ್ನೇನು ಕೀಳುತ್ತೀರೆಂದು ಬರಹದಲ್ಲಿ ಕೇಳಲಿ. ಕೆಲಸ ಬದಲಾಯಿಸಿದಾಗಲೆಲ್ಲ ಹಳೆಯ ಗಂಟಿನ ಕಾಗದವನ್ನು ಜೋಪಾನವಾಗಿಡಲಿ, ಮನೆಯ ವಿಳಾಸ ಬದಲಾದರೆ ಆ ನಿಧಿಯವರಿಗೂ ತಿಳಿಸಲಿ. ಸರ್ಕಾರದ ವೇತನ ಬೇರೆ: ಅದಕ್ಕೆ 10 ವರ್ಷದ ವಂತಿಗೆಯಾದರೂ ಇರಬೇಕು, ಪೂರ್ಣ ಬರಲು 35 ವರ್ಷ.

"ಯಾವ ವಯಸ್ಸಿಗೆ ಬರುತ್ತದೆ, ಮೇಷ್ಟ್ರೇ?"

"ಈಗಿನ ಶಾಸನದಂತೆ ಆ ಮಗುವಿಗೆ 68, ರಾಯರೇ."

ಅವರು ಬೆರಳು ಮಡಿಸಿ ಎಣಿಸಿದರು. ಮಗಳಿಗೆ ಈಗ 26. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಷ್ಟು ವರ್ಷ ಅವಳು ಅಲ್ಲಿಯೇ ಇರುತ್ತಾಳೆಂದು ನಾನು ಎಣಿಸಿರಲಿಲ್ಲ" ಎಂದರು. ಬಳಿಕ ಆ 7,040, 5,285, 3,959ರ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದುಕೊಡಿರೆಂದು ಕೇಳಿ ತೆಗೆದುಕೊಂಡು ಹೋದರು. ಮಗಳು ಕಚೇರಿಗೆ ಬರೆದು ಕೇಳಿದ್ದಾಳಂತೆ. ಈ ಅಂಕಣವನ್ನು ಅಚ್ಚಿಗೆ ಕಳುಹಿಸುವವರೆಗೆ ಉತ್ತರ ಬಂದಿರಲಿಲ್ಲ.